ಆ ಚಳಿಗಾಲ ತಿಶಾ ತಿಂದದ್ದು

ಹೋದ ತಿಂಗಳು ಅಥಣಿಯಲ್ಲಿ ಇಲಾಖೆಯ ಎರಡು ದಿನದ ತರಬೇತಿ ಮುಗಿಸಿ, ರೈಲು ಹಿಡಿಯಲು ಶೇಡಬಾಳದ ಕಡೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಿಂದ ಕಾಕಂಬಿಯ ವಾಸನೆ ಒಳಗೆ ಬಂತು. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ಕಾಗವಾಡದ ಸುತ್ತಮುತ್ತಲ ಗಾಳಿಗೆಲ್ಲ ಅದೇ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಸ್ವಲ್ಪ ಸುಟ್ಟದ್ದು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ನನ್ನ ನೌಕರಿಯ ಮೊದಲ ಚಳಿಗಾಲ ಈ ವಾಸನೆಯಲ್ಲೇ ಕಳೆದಿತ್ತು, ಇದೇ ಶೇಡಬಾಳದಲ್ಲಿ.

ಏಳು ವರ್ಷವಾಯಿತು. ತುಮಕೂರಿನ ಕಡೆಯ ಹುಡುಗಿ ನಾನು. ಪಶುವೈದ್ಯಕೀಯ ಓದಿ, ನೇಮಕದ ಆದೇಶ ಕೈಗೆ ಬಂದಾಗ ಈ ಊರು ಎಲ್ಲಿದೆಯೆಂದು ನಕ್ಷೆಯಲ್ಲಿ ಹುಡುಕಿದವಳು. ಕರ್ನಾಟಕ ಮುಗಿಯುವ ಅಂಚಿನಲ್ಲಿ ಸಿಕ್ಕಿತು. ಬಂದಿಳಿದರೆ ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಎರಡೂ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ. ಮೊದಲ ವಾರ ಒಬ್ಬ ರೈತ ಬಂದು "ಎಮ್ಮಿ ಬೆದಿಗಿ ಬಂದೈತ್ರಿ" ಅಂದಾಗ, ಬೆದೆ ಅನ್ನುವುದನ್ನು ಬೀದಿ ಎಂದು ಕೇಳಿಸಿಕೊಂಡು, ಎಮ್ಮೆ ಯಾವುದೋ ಬೀದಿಗೆ ಬಂದಿದೆ ಎಂದುಕೊಂಡು, "ಕಟ್ಟಿಹಾಕಿ" ಅಂದಿದ್ದೆ. ಆತ ದವಾಖಾನೆಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಅದನ್ನು ಹೇಳಿ ನಗಿಸಿದ.

ಬಾಡಿಗೆಗೆ ಖೋಲಿ ಸಿಕ್ಕಿದ್ದು ಒಂದು ಜೈನ ರೈತರ ಮನೆಯ ಅಂಗಳದಲ್ಲಿ. ಮನೆಯ ಯಜಮಾನಿ ಚಂದವ್ವ. ಊರಿಗೆಲ್ಲ ಅವರು ಆಯಿ. ಅವರ ಮಗ ಭರತೇಶ ಕಬ್ಬು ಬೆಳೆಯುತ್ತಿದ್ದರು. ಸೊಸೆ ಸುಜಾತಾ ನನ್ನ ವಯಸ್ಸಿನವಳೇ, ನಿಪ್ಪಾಣಿಯಿಂದ ಬಂದವಳು. ಖೋಲಿ ತೋರಿಸಿದ ದಿನವೇ ಆಯಿ ಕರಾರು ಹೇಳಿದ್ದರು.

"ಮಾಂಸ, ತತ್ತಿ ಈ ಹೊಸ್ತಲಾ ದಾಟಬಾರದ್ರಿ. ಉಳದದ್ದು ನಿಮ್ಮ ಖೋಲಿಯೊಳಗ ನಿಮ್ಮ ಇಚ್ಛಾ. ನಾವು ಮಾತ್ರ ನೆಲದಾಗ ಬೆಳದ ಗಡ್ಡಿ ಗೆಣಸು ಉಣ್ಣಂಗಿಲ್ಲ. ಉಳ್ಳಾಗಡ್ಡಿ, ಬಟಾಟಿ, ಏನೂ ಇಲ್ಲ. ಹೊತ್ತು ಮುಳಗಿದ ಮ್ಯಾಲ ಊಟಾನೂ ಇಲ್ಲ."

"ಶೇಂಗಾನೂ ನೆಲದಲ್ಲೇ ಬೆಳೆಯುತ್ತಲ್ಲ ಆಯಿ?" ಎಂದೆ.

"ಅದು ಕಾಳರಿ. ಇಷ್ಟ ಓದೀರಿ, ಕಾಳಿಗೂ ಗಡ್ಡಿಗೂ ಫರಕ ಗೊತ್ತಿಲ್ಲೇನ್ರಿ?"

ಆ ಮನೆಯಲ್ಲಿ ನನ್ನನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವಳು ತ್ರಿಶಲಾ. ಭರತೇಶ, ಸುಜಾತಾರ ಮಗಳು, ಒಂದೂವರೆ ವರ್ಷದ ಗುಂಡು ಕೆನ್ನೆಯ ಕೂಸು. ಎಲ್ಲರೂ ತಿಶಾ ಅನ್ನುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ನನ್ನ ಗಾಡಿಯ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಲಾಡುತ್ತ ಬಂದು ಖೋಲಿಯ ಬಾಗಿಲು ಬಡಿಯುತ್ತಿದ್ದಳು. "ದಾಕಾ! ದಾಕಾ!" ಡಾಕ್ಟರ್ ಎಂಬುದರಲ್ಲಿ ಅವಳ ನಾಲಿಗೆಗೆ ದಕ್ಕಿದ್ದು ಅಷ್ಟು. ಮನೆಯ ಉಳಿದವರಿಗೆ ನಾನು 'ಬಾಯಾರ', ಮೇಡಂ ಅನ್ನುವಂತೆ. ನಾನು ಊಟ ಮಾಡುವಷ್ಟು ಹೊತ್ತು ಎದುರಿಗೆ ಕೂತು, ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡು, ನನ್ನ ಚಪ್ಪಲಿಯ ಆರೋಗ್ಯ ಪರೀಕ್ಷೆ ಮಾಡುತ್ತಿದ್ದಳು. ಎರಡಕ್ಕೆ ನಾನು ಮತ್ತೆ ದವಾಖಾನೆಗೆ ಹೊರಟಾಗ ಅಳು. ಸಂಜೆ ಆರಕ್ಕೆ ಬಂದಾಗ ಮತ್ತೆ ನಗು.

ದೀಪಾವಳಿಯ ಹೊತ್ತಿಗೆ ಕುರಿ ಮೇಯಿಸುವ ಬೀರಪ್ಪನ ಒಂದು ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಅವನ ಹಟ್ಟಿಗೇ ಹೋಗಿ, ಒಂದು ತಾಸು ಮೊಣಕಾಲೂರಿ, ಅಡ್ಡ ತಿರುಗಿದ್ದ ಮರಿಯನ್ನು ಸರಿಮಾಡಿ ಹೊರಗೆಳೆದೆ. ತಾಯಿ, ಮರಿ ಎರಡೂ ಉಳಿದವು. ಮರುದಿನ ಬೀರಪ್ಪ ದವಾಖಾನೆಗೆ ಬಂದು ಒಂದು ಕೈಚೀಲ ಮೇಜಿನ ಮೇಲಿಟ್ಟ. "ಹೊಳಿ ಸಾಲಿನ ಮಣ್ಣಾಗ ಬೆಳದಾವ್ರಿ, ನಮ್ಮ ಅಳಿಯನ ಹೊಲದಾಗ. ಸಕ್ಕರಿ ಇದ್ದಂಗ ಅದಾವ." ನೋಡಿದರೆ ಕೆಂಪು ಸಿಪ್ಪೆಯ ಗೆಣಸು. ನನಗೆ ಪ್ರಾಣ. ಮಧ್ಯಾಹ್ನವೇ ನಾಲ್ಕು ಬೇಯಿಸಿಕೊಂಡೆ, ಉಳಿದದ್ದನ್ನು ದವಾಖಾನೆಯ ಸಹಾಯಕನಿಗೆ ಕೊಟ್ಟುಬಿಟ್ಟೆ. ನನ್ನ ಖೋಲಿಯಲ್ಲಿ ಇಲಿಗಳು ಏನನ್ನೂ ಉಳಿಸುತ್ತಿರಲಿಲ್ಲ.

ಸಿಪ್ಪೆ ಸುಲಿಯುತ್ತಿದ್ದಾಗ ತಿಶಾ ಎದುರಿಗೆ ಕೂತು ಹಕ್ಕಿಮರಿಯಂತೆ ಬಾಯಿ ತೆರೆದಳು. ಆಯಿಯ ಮಾತು ನೆನಪಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಬಾಯಿ ಮುಚ್ಚಲೇ ಇಲ್ಲ. ಕೂಸಿಗೆ ಯಾವ ನೇಮ ಎಂದುಕೊಂಡು ಎರಡು ತುತ್ತು ಹಿಸುಕಿ ತಿನ್ನಿಸಿದೆ. ಮೂರನೆಯದಕ್ಕೆ ಅವಳೇ ಕೈಹಾಕಿದಳು. ಬಾಯಿ ಒರೆಸಿ ಕಳಿಸಿದೆ.

ಅಂದು ಸಂಜೆ ಬಂದಾಗ ತಿಶಾ ಬಾಗಿಲಿಗೆ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ನಾಲ್ಕೈದು ಸಲ ವಾಂತಿಯಾಗಿ ಮಲಗಿಬಿಟ್ಟಿದ್ದಳಂತೆ. ಜ್ವರವಿಲ್ಲ, ಭೇದಿಯಿಲ್ಲ. ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಮರುದಿನ ಬೆಳಿಗ್ಗೆ ಕೂಸು ಕೋಳಿ ಕೂಗುವ ಮೊದಲೇ ಎದ್ದು ಅಂಗಳದಲ್ಲಿ ಎಮ್ಮೆಯ ಜೊತೆ ಮಾತಾಡುತ್ತಿತ್ತು. "ನೋಡ್ರಿ, ದೃಷ್ಟಿ ಆಗಿತ್ತು, ಹೋತು," ಅಂದರು ಆಯಿ. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮೂರು ವಾರಕ್ಕೆ ಮತ್ತೆ ಅದೇ. ಮಧ್ಯಾಹ್ನದ ಮೇಲೆ ವಾಂತಿ, ಮುಖ ಸುಣ್ಣದಂತೆ ಬಿಳುಪು, ಮರುದಿನ ಏನೂ ಆಗದವಳಂತೆ ಕುಣಿತ. ಈ ಸಲ ಅನುಮಾನ ಎಮ್ಮೆಯ ಮೇಲೆ ಬಿತ್ತು. ಹೊಸದಾಗಿ ಈದ ಎಮ್ಮೆ. ಭರತೇಶ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದರು. "ನೀವು ಮಾತಾಡಲಾರದ ಪೇಶಂಟಗೋಳನ ನೋಡವ್ರು. ಇದರ ಹಾಲಿನಾಗ ಏನರ ಐತೇನು ನೋಡ್ರಿ." ಕೆಚ್ಚಲು ಮುಟ್ಟಿ ನೋಡಿದೆ, ಹಾಲಿನ ಪರೀಕ್ಷೆ ಮಾಡಿದೆ. ಎಮ್ಮೆ ನಿರಪರಾಧಿ. ಆದರೂ ಆಯಿಗೆ ಸಮಾಧಾನವಿಲ್ಲ. ತಿಶಾಗೆ ಆಕಳ ಹಾಲು ಶುರುವಾಯಿತು.

ಆಕಳ ಹಾಲಿಗೂ ಮೂರನೆಯ ಸಲ ವಾಂತಿಯಾಯಿತು. ಅಥಣಿಯ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದರು. ರಕ್ತ, ಮೂತ್ರ ಎಲ್ಲ ಸರಿಯಿತ್ತು. ಅವರು ಸಿರಪ್ಪು ಬರೆದುಕೊಟ್ಟು, ಕೂಸು ತಿಂದದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡಿ ಎಂದು ಹೇಳಿ ಕಳಿಸಿದರು. ಸುಜಾತಾ ಇನ್ನೂರು ಪುಟದ ವಹಿ ತಂದಳು. ಚಂದದ ಅಕ್ಷರದಲ್ಲಿ ಬರೆಯುತ್ತ ಹೋದಳು: ಬೆಳಿಗ್ಗೆ ಹಾಲು, ಅರ್ಧ ಬಾಳೆಹಣ್ಣು. ಹತ್ತಕ್ಕೆ ರೊಟ್ಟಿ, ತೊವ್ವೆ. ಹನ್ನೆರಡಕ್ಕೆ ಮಜ್ಜಿಗೆ ಅನ್ನ. ಅನುಮಾನ ಬಂದದ್ದನ್ನೆಲ್ಲ ಒಂದೊಂದಾಗಿ ಬಿಡಿಸುತ್ತ ಬಂದಳು. ಬಾಳೆಹಣ್ಣು ಹೋಯಿತು, ಗೋದಿ ಹೋಯಿತು, ಶೇಂಗಾ ಹೋಯಿತು. ಭರತೇಶರ ಅಕ್ಕ ಚಿಕ್ಕೋಡಿಯಿಂದ ಬಂದವರು, "ಕೂಸಿಗೆ ಉಣಸೂದು ಒಂದ ಕೆಲಸ, ಅದೂ ನೀಗೂದಿಲ್ಲಂದ್ರ ಏನ ಹೇಳೂದು?" ಎಂದು ಸುಜಾತಾಳ ಮುಂದೆಯೇ ಅಂದುಹೋದರು. ಅವರು ಹೋದ ಮೇಲೆ ಅವಳು ನನ್ನ ಖೋಲಿಗೆ ಬಂದು ಗೋಡೆಗೆ ಒರಗಿ ಕೂತಳು. "ನನಗ ಭಾಳ ಅಂಜಿಕಿ ಆಗೈತಿ ಬಾಯಾರ. ಒಂದ ತುತ್ತ ತಿನ್ನಸಾಕ ಹತ್ತ ಸಲ ಮೂಸಿ ನೋಡ್ತೀನಿ." ನಾನು ಅವಳ ಬೆನ್ನು ಸವರಿದೆ. ನನ್ನ ಒಲೆಯ ಪಕ್ಕದಲ್ಲಿ ಬೀರಪ್ಪನ ಖಾಲಿ ಕೈಚೀಲವಿತ್ತು. ಆಗಲೂ ನನಗೆ ಹೊಳೆಯಲಿಲ್ಲ. ಬೀರಪ್ಪ ಮತ್ತೆರಡು ಸಲ ತಂದುಕೊಟ್ಟ ಗೆಣಸಿನಲ್ಲೂ ತಿಶಾಗೆ ಪಾಲು ಸಿಕ್ಕಿತ್ತು. ನಾನು ಕೊಡುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ, ವಾಂತಿಯಾಗುತ್ತಿದ್ದದ್ದು ಮೂರಕ್ಕೆ. ಆಗ ನಾನು ಯಾವುದಾದರೂ ಹೊಲದಲ್ಲಿ ಎತ್ತಿನ ಗೊರಸು ನೋಡುತ್ತಿರುತ್ತಿದ್ದೆ.

ನಾಲ್ಕನೆಯ ಸಲ ಮಾತ್ರ ನಾನು ಮನೆಯಲ್ಲಿದ್ದೆ. ಸಂಕ್ರಮಣಕ್ಕೆ ಎರಡು ದಿನವಿತ್ತು, ಭಾನುವಾರ. ಆಯಿ ಅಂಗಳದಲ್ಲಿ ಎಳ್ಳು ಆರಿಸುತ್ತಿದ್ದರು. ತಿಶಾ ನನ್ನ ಮಡಿಲಲ್ಲಿ ಕೂತು ಎಳ್ಳಿನ ಮೊರಕ್ಕೆ ಕೈಹಾಕಲು ಹವಣಿಸುತ್ತಿದ್ದಳು. ಇದ್ದಕ್ಕಿದ್ದಂತೆ ಸುಮ್ಮನಾದಳು. ಮುಖದ ಬಣ್ಣ ಇಳಿಯಿತು. ಆಮೇಲೆ ಶುರುವಾದ ವಾಂತಿ ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಕೂಸು ಬಿಲ್ಲಿನಂತೆ ಬಾಗುತ್ತಿತ್ತು. ಕೊನೆಗೆ ನನ್ನ ತೋಳಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಳು. ಅಂಗೈ ತಣ್ಣಗೆ. ನಾನು ಕರುಗಳಿಗೆ ನೋಡುವಂತೆ ಅವಳ ಒಸಡು ನೋಡಿದೆ, ಹೊಟ್ಟೆಯ ಚರ್ಮ ಹಿಡಿದೆತ್ತಿ ನೋಡಿದೆ. ಮೈಯ ನೀರೆಲ್ಲ ಇಂಗಿತ್ತು, ಕಾಯುವಂತಿರಲಿಲ್ಲ.

"ಮಿರಜಕ್ಕೆ ಹೋಗೋಣ. ಈಗಲೇ," ಅಂದೆ.

ಭರತೇಶ ಪಕ್ಕದ ಮನೆಯವರ ಕಾರು ತಂದರು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟುವುದರಲ್ಲಿ ಜೀವ ಬಾಯಿಗೆ ಬಂತು. ಸುಜಾತಾ ದಾರಿಯುದ್ದಕ್ಕೂ "ತಿಶಾ, ನನ್ನ ಕಡೆ ನೋಡ ನನ ಬಂಗಾರ" ಅನ್ನುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ ಒಂದು ತಾಸಿಗೆ ಕೂಸಿನ ತುಟಿಗೆ ಬಣ್ಣ ಬಂತು. ಆಮೇಲೆ ಕಣ್ಣು ತೆರೆದು, ಕೈಗೆ ಕಟ್ಟಿದ ಪಟ್ಟಿ ನೋಡಿ, ನನ್ನ ಕಡೆಗೆ ಬೆರಳು ಮಾಡಿ "ದಾಕಾ" ಅಂದಳು. ಸೂಜಿ ಚುಚ್ಚಿದವಳು ನಾನೇ ಎಂದು ಅವಳ ದೂರು. ಎಲ್ಲರೂ ನಕ್ಕೆವು, ನಗುತ್ತಲೇ ಕಣ್ಣೊರೆಸಿಕೊಂಡೆವು.

ಅಲ್ಲಿಯ ಮಕ್ಕಳ ಡಾಕ್ಟರು ನರೆಗೂದಲಿನ ಹೆಂಗಸು, ಕನ್ನಡ ಚೆನ್ನಾಗಿ ಬರುತ್ತಿತ್ತು. ವಹಿಯನ್ನು ಮೊದಲಿನಿಂದ ಓದಿದರು. "ಜ್ವರ ಇಲ್ಲ. ಪ್ರತಿ ಸಲ ಒಂದೇ ನಮೂನಿ. ಮರುದಿನ ಕೂಸು ಆರಾಮ. ನೋಡ್ರಿ, ಇಂಥಾದ್ದು ಒಮ್ಮೊಮ್ಮೆ ಯಾವುದೋ ಒಂದ ತಿನಿಸಿನಿಂದ ಆಗ್ತೈತಿ. ತಿಂದ ಕೂಡಲೆ ಆಗಂಗಿಲ್ಲ, ಒಂದೆರಡು ತಾಸು ಬಿಟ್ಟು ಆಗ್ತೈತಿ. ವಿಷ ಅಲ್ಲ, ಯಾರದೂ ತಪ್ಪಲ್ಲ, ಆ ತಿನಿಸು ಈಕಿ ಹೊಟ್ಟಿಗೆ ಒಗ್ಗೂದಿಲ್ಲ ಅಷ್ಟ. ಆದ್ರ ಈ ವಹಿಯೊಳಗ ಅಂಥಾದ್ದು ಏನೂ ಕಾಣವಲ್ದು. ಇಂದು ಮಧ್ಯಾಹ್ನ ಏನು ಕೊಟ್ಟಿದ್ರಿ?"

"ಅನ್ನ, ಮಜ್ಜಿಗಿ. ಮತ್ತೇನಿಲ್ರಿ," ಅಂದಳು ಸುಜಾತಾ.

"ಇನ್ನೊಮ್ಮೆ ಹಿಂಗಾದ್ರ ಅರಿವಳಿಕೆ ಕೊಟ್ಟು ಹೊಟ್ಟಿಯೊಳಗ ನಳಿಗಿ ಬಿಟ್ಟು ನೋಡಬೇಕಾಗ್ತೈತಿ."

ಅಂದು ಬೆಳಿಗ್ಗೆ ಬೀರಪ್ಪ ಮನೆಗೇ ಬಂದು ಹಬ್ಬಕ್ಕೆಂದು ಗೆಣಸು ಕೊಟ್ಟುಹೋಗಿದ್ದ. ಮಧ್ಯಾಹ್ನ ತಿಶಾ ನನ್ನ ತಟ್ಟೆಯಿಂದ ತಿಂದಿದ್ದಳು. ನಾನು ಅಲ್ಲೇ, ಆ ಮಂಚದ ತುದಿಯಲ್ಲಿ, ಕೂಸಿನ ಪಾದ ಹಿಡಿದು ಕೂತಿದ್ದೆ. ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಮರುದಿನ ದವಾಖಾನೆಯ ರಿಜಿಸ್ಟರು ತೆಗೆದು ಬೀರಪ್ಪನ ಹೆಸರು ಹುಡುಕಿದೆ. ಕುರಿ ಹೆರಿಗೆಯ ಮರುದಿನ. ಜಂತಿನ ಔಷಧಿಗೆ ಬಂದ ದಿನ. ಕಾಲುಬಾಯಿ ಲಸಿಕೆಯ ದಿನ. ಮೂರೂ ದಿನ ಅವನು ಕೈಚೀಲ ತಂದಿದ್ದ, ಮೂರೂ ದಿನ ತಿಶಾಗೆ ವಾಂತಿಯಾಗಿತ್ತು. ನಾಲ್ಕನೆಯದು ಭಾನುವಾರ. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ.

ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹೇಳುವುದೇಕೆ? ಇನ್ನು ಗೆಣಸು ಕೊಡದಿದ್ದರೆ ಆಯಿತು. ವಾಂತಿ ತಾನಾಗಿ ನಿಲ್ಲುತ್ತದೆ, ದೃಷ್ಟಿ ಹೋಯಿತು ಎಂದು ಆಯಿ ಸಂತೋಷಪಡುತ್ತಾರೆ, ನನ್ನ ಖೋಲಿ ನನಗೆ ಉಳಿಯುತ್ತದೆ. ಒಂದು ದಿನವಿಡೀ ಆ ಯೋಚನೆಯನ್ನೇ ಸಾಕಿದೆ. ಸಂಜೆ ಮನೆಗೆ ಬಂದರೆ ಸುಜಾತಾ ವಹಿ ತೆರೆದು ಕೂತು ಅನ್ನಕ್ಕೂ ಕೆಂಪು ಗೆರೆ ಎಳೆಯುತ್ತಿದ್ದಳು. "ಅನ್ನಾನೂ ಬಿಡಸ್ತೀನ್ರಿ. ಇನ್ನ ಉಳದದ್ದು ತೊವ್ವಿ ಒಂದ." ಕೂಸು ಬೆಳೆಯುವ ವಯಸ್ಸಿನಲ್ಲಿ ನೀರು ಕುಡಿದು ಬದುಕಬೇಕೆ? ಆ ಕೆಂಪು ಗೆರೆ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿದ್ದರು. ಭರತೇಶ ಊಟ ಮುಗಿಸಿ ಕೈ ತೊಳೆದಿದ್ದರು, ತಿಶಾ ಆಯಿಯ ಕಾಲ ಮೇಲೆ ಮಲಗಿದ್ದಳು. ನಾನು ನಿಂತುಕೊಂಡೇ ಹೇಳಿದೆ.

"ಆಯಿ, ಕೂಸಿಗೆ ನಾನು ಗೆಣಸು ತಿನ್ನಿಸಿದ್ದೀನಿ."

ಆಯಿ ತಲೆ ಎತ್ತಿದರು. "ಯಾವಾಗ?"

"ನಾಲ್ಕು ಸಲ."

"ನಾಕ ಸಲ ವಾಂತಿ ಆತಲ್ಲ?"

"ಅದೇ ನಾಲ್ಕು ಸಲ, ಆಯಿ."

ಸುಜಾತಾ ಗೋಡೆ ಹಿಡಿದು ಕೂತಳು, ಆಮೇಲೆ ಬಾಯಿಗೆ ಸೆರಗು ಒತ್ತಿ ಅಳತೊಡಗಿದಳು. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡೆ. ಆದರೆ ಅವಳು ಅಳುತ್ತಲೇ ಹೇಳಿದಳು: "ಅಂದ್ರ ನನ್ನ ಕೈಲೆ ಆಗಿದ್ದಲ್ಲ. ನನ್ನ ಕೈಲೆ ಆಗಿದ್ದಲ್ಲಲ್ಲ?"

ಆಯಿ ನನ್ನನ್ನೇ ನೋಡುತ್ತಿದ್ದರು. "ದವಾಖಾನ್ಯಾಗ ಆ ಡಾಕ್ಟರ ಕೇಳಿದಾಗ ನೀವು ಅಲ್ಲೇ ಕುಂತಿದ್ರಿ. ಯಾಕ ಹೇಳಲಿಲ್ಲ?"

"ಹೆದರಿದೆ, ಆಯಿ."

"ಯಾರಿಗೆ? ನನಗ?"

ತಲೆಯಾಡಿಸಿದೆ. ಅವರು ಕೂಸಿನ ತಲೆ ಸವರಿದರು. ಆಮೇಲೆ ಹೇಳಿದರು: "ನೇಮ ನಂದು ಬಾಯಾರ. ಕೂಸಿಗೆ ಏನ ಗೊತ್ತು? ಆಕಿ ಬಾಯಿ ತಗದ್ಲು, ನೀವು ಕೊಟ್ರಿ. ಅದಕ್ಕ ಸಿಟ್ಟಿಲ್ಲ ಅಂದ್ರ ಸುಳ್ಳ ಆಗ್ತೈತಿ, ಸಿಟ್ಟೈತಿ, ಆದ್ರ ಅದು ಇಳೀತೈತಿ. ಕೂಸಿನ ಹೊಟ್ಟಿ ಸುದ್ದಿ ಎರಡ ದಿನ ಮುಚ್ಚಿಟ್ರಲ್ಲ, ಈಕಿ ಇಲ್ಲಿ ಸಾಯಾಕತ್ತಿದ್ಲು." ಸೊಸೆಯ ಕಡೆ ಕೈ ತೋರಿಸಿದರು. "ಅದು ಬರೋಬರಿ ಆಗಲಿಲ್ಲ."

ಅಷ್ಟರಲ್ಲಿ ಭರತೇಶ ಗಂಟಲು ಸರಿಮಾಡಿಕೊಂಡರು.

"ಅವ್ವಾ, ಹೇಳೂದ ಬಂತಂದ್ರ... ಕಾಗವಾಡದಾಗ ಬಸ್‌ಸ್ಟ್ಯಾಂಡ ಹಂತೇಕ ಕಾಂದಾ ಭಜಿ ಮಾಡ್ತಾರಲ್ಲ. ಈಕೀನ್ನ ಗಾಡಿ ಮ್ಯಾಲ ಕುಂದ್ರಿಸಿಕೊಂಡು ಹೋದಾಗ ಒಂದ ಚೂರ ಕೊಟ್ಟಿದ್ದೆ. ವಹಿಯೊಳಗ ಬರಸಲಿಲ್ಲ."

"ಉಳ್ಳಾಗಡ್ಡಿ ಭಜಿ!" ಆಯಿ ಹೌಹಾರಿದರು. "ಒಂದ ಸಲಾನೋ?"

"ಒಂದ ಏಳೆಂಟ ಸಲ."

ಸುಜಾತಾ ಕಣ್ಣೊರೆಸಿಕೊಂಡು, ದನಿ ಸಣ್ಣ ಮಾಡಿ ಅಂದಳು: "ಹೊತ್ತು ಮುಳಗಿದ ಮ್ಯಾಲ ಹಸದ ಅಳ್ತಿದ್ಲು. ನಾನೂ ಬಿಸ್ಕೀಟ ಕೊಡ್ತಿದ್ದೆ. ನೀವು ಬೈತೀರಂತ ಬರದಿಲ್ಲ."

ಈಗ ಎಲ್ಲರೂ ಆಯಿಯ ಕಡೆ ನೋಡಿದೆವು. ಅವರ ಗದರಿಕೆಗೆ ತಯಾರಾಗಿ ನಿಂತಿದ್ದೆವು. ಆಯಿ ಸೆರಗು ಸರಿಮಾಡಿಕೊಂಡರು, ಎದುರಿನ ಕಂಬ ನೋಡಿದರು, ಮತ್ತೆ ಸೆರಗು ಸರಿಮಾಡಿಕೊಂಡರು.

"ಡಾಕ್ಟರ ಕೂಸಿಗೆ ಚಾ ಬ್ಯಾಡ ಅಂದಿದ್ರು," ಅಂದರು. "ಮುಂಜಾನೆ ನಾ ಕುಡಿಯೂ ಮುಂದ ಬಸಿಯಾಗ ನಾಕ ಹನಿ ಹಾಕ್ತಿದ್ದೆ. ಏನ ಮಾಡ್ಲಿ? ಹಿಂಗ ನೋಡ್ತಾಳ." ಎಂದು ತಿಶಾ ನೋಡುವಂತೆಯೇ ಕಣ್ಣರಳಿಸಿ ತೋರಿಸಿದರು.

ಮೊದಲು ನಕ್ಕದ್ದು ಯಾರೋ ನೆನಪಿಲ್ಲ. ಸುಜಾತಾಳೇ ಇರಬೇಕು. ನಗು ಎಲ್ಲರಿಗೂ ಅಂಟಿತು. ಇನ್ನೂರು ಪುಟದ ವಹಿಯಲ್ಲಿ ಅಷ್ಟು ಚಂದದ ಅಕ್ಷರದಲ್ಲಿ ಬರೆದದ್ದೆಲ್ಲ ಒಂದು ಕಡೆಗಿತ್ತು, ಕೂಸು ನಿಜವಾಗಿ ತಿಂದದ್ದೆಲ್ಲ ಇನ್ನೊಂದು ಕಡೆಗೆ. ಸದ್ದಿಗೆ ಎಚ್ಚರವಾದ ತಿಶಾ ಒಬ್ಬೊಬ್ಬರ ಮುಖ ನೋಡಿ ತಾನೂ ಚಪ್ಪಾಳೆ ತಟ್ಟಿದಳು.

ಆದರೂ ಮರುದಿನ ನಾನು ಬಾಗಿಲು ತೆರೆದಿಡಲಿಲ್ಲ. ಮಧ್ಯಾಹ್ನ ಬಂದು, ಚಿಲಕ ಹಾಕಿಕೊಂಡು, ಒಣ ರೊಟ್ಟಿ ಮುರಿಯುತ್ತ ಕೂತೆ. ಈ ಮನೆಯ ಕೂಸನ್ನು ಇನ್ನು ನನ್ನ ಹತ್ತಿರ ಬಿಡುವರೆ, ಬಿಟ್ಟರೂ ನಾನು ಕರೆಯಬಹುದೆ, ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಿನ ಮೇಲೆ ಪುಟ್ಟ ಬಡಿತ. "ದಾಕಾ!" ನಾನು ಉಸಿರು ಬಿಗಿ ಹಿಡಿದೆ. ಮತ್ತೆ ಬಡಿತ. ಆಮೇಲೆ ಅಂಗಳದಿಂದ ಆಯಿಯ ದನಿ:

"ಬಾಗಲಾ ತಗೀರಿ ಬಾಯಾರ. ಕೂಸಿನ ಕೈ ನೋಯ್ತಾವ."

ತೆಗೆದೆ. ತಿಶಾ ನನ್ನನ್ನು ದಾಟಿ ನೇರವಾಗಿ ಚಪ್ಪಲಿಯ ಹತ್ತಿರ ಹೋಗಿ ಕೆಲಸಕ್ಕೆ ಕೂತಳು. ಆಯಿ ಹೊಸ್ತಿಲ ಹೊರಗೆ ನಿಂತು ಒಂದು ಬಟ್ಟಲು ಚಾಚಿದರು. ಎಳ್ಳುಹೋಳಿಗೆ. "ಇದನ್ನ ಆಕಿಗೂ ಕೊಡಬಹುದು. ವಹಿಯೊಳಗ ಬರಸ್ರಿ."

ಮುಂದಿನ ವಾರ ಎಲ್ಲರೂ ಸೇರಿ ಮಿರಜಕ್ಕೆ ಹೋದೆವು. ಸುಜಾತಾ ಹೊಸದಾಗಿ ಬರೆದ ನಾಲ್ಕು ಪುಟಗಳನ್ನು ಡಾಕ್ಟರು ಓದಿದರು. ಭಜಿ, ಬಿಸ್ಕೀಟು, ಚಾ, ಗೆಣಸು. ಓದುತ್ತ ಓದುತ್ತ ಕನ್ನಡಕ ತೆಗೆದು ನಕ್ಕರು. "ಹಾಂ, ಈಗ ಖರೇ ವಹಿ ಬಂತು." ಗೆಣಸೇ ಕಾರಣವೆಂದು ಅವರಿಗೂ ಅನ್ನಿಸಿತು. ಬಿಡಿಸಿದ್ದ ಅನ್ನ, ಬಾಳೆಹಣ್ಣು, ಗೋದಿ ಎಲ್ಲ ಮತ್ತೆ ಶುರು ಮಾಡಲು ಹೇಳಿದರು. ಗೆಣಸು ಮಾತ್ರ ಒಂದು ಚೂರೂ ಬೇಡ. ದೊಡ್ಡವಳಾಗುತ್ತ ಇದು ತಾನಾಗಿ ಹೋಗುವುದೇ ಹೆಚ್ಚು, ಆದರೆ ಹೋಗಿದೆಯೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷೆ ಮಾಡಬಾರದು, ಆಸ್ಪತ್ರೆಯಲ್ಲಿ ತಮ್ಮ ಕಣ್ಣೆದುರೇ ಮಾಡಬೇಕು ಎಂದರು. ಆಮೇಲೆ ಆಯಿಗೆ, "ನೀವು ಚಾ ನಿಲ್ಲಸ್ರಿ," ಅಂದರು. ಭರತೇಶರಿಗೆ ಏನೂ ಅನ್ನಲಿಲ್ಲ, ಕನ್ನಡಕದ ಮೇಲಿನಿಂದ ಸುಮ್ಮನೆ ನೋಡಿದರು.

ಬೀರಪ್ಪನಿಗೆ ನಾನೇ ಹೋಗಿ ಹೇಳಿದೆ. ಅವನಿಗೆ ಕೆಟ್ಟೆನಿಸಬಾರದೆಂದು ಬಹಳ ಸುತ್ತಿ ಬಳಸಿ ಹೇಳಿದ್ದಕ್ಕೆ, "ಕುರಿಯೊಳಗೂ ಇರ್ತಾವ್ರಿ ಹಂಥಾವು. ಎಲ್ಲಾ ಕುರಿ ಮೇಯೂ ಸೊಪ್ಪ, ಒಂದಕ್ಕ ಆಗೂದಿಲ್ಲ," ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಮುಂದಿನ ಸಲ ಕೈಚೀಲದಲ್ಲಿ ಬದನೆಕಾಯಿ ಬಂತು.

ಆ ಚಳಿಗಾಲದ ಉಳಿದ ದಿನಗಳಲ್ಲಿ ತಿಶಾಗೆ ಒಮ್ಮೆಯೂ ವಾಂತಿಯಾಗಲಿಲ್ಲ. ಶಿವರಾತ್ರಿಯ ಹೊತ್ತಿಗೆ ಕೆನ್ನೆ ಮತ್ತೆ ತುಂಬಿಕೊಂಡಿತು. ಸುಜಾತಾ ಮೂಸಿ ನೋಡದೆ ತುತ್ತು ಕೊಡುತ್ತಿದ್ದಳು. ಭರತೇಶರ ಚಿಕ್ಕೋಡಿಯ ಅಕ್ಕ ಮತ್ತೆ ಬಂದಾಗ ಆಯಿಯೇ ಅವರನ್ನು ಎದುರಿಗೆ ಕೂರಿಸಿಕೊಂಡು, ಸೊಸೆಯ ತಪ್ಪು ಏನೂ ಇರಲಿಲ್ಲ ಎಂದು ಎರಡು ಸಲ ಹೇಳಿದರು. ಬೇಸಿಗೆ ಮುಗಿಯುವ ಮೊದಲು ನನಗೆ ಧಾರವಾಡದ ಕಡೆಗೆ ವರ್ಗವಾಯಿತು.

ತಿಶಾಗೆ ನಾಲ್ಕು ತುಂಬಿದಾಗ ಒಂದು ದಿನ ಸುಜಾತಾಳ ಫೋನು ಬಂತು. ನಾನು ಒಂದು ಹಳ್ಳಿಯಲ್ಲಿ ಆಡುಗಳಿಗೆ ಲಸಿಕೆ ಹಾಕುತ್ತಿದ್ದೆ. ಮಿರಜದ ಆಸ್ಪತ್ರೆಯಲ್ಲಿ ಪರೀಕ್ಷೆ ಆಯಿತಂತೆ. ಡಾಕ್ಟರ ಕಣ್ಣೆದುರು ಚೂರು ಚೂರಾಗಿ ಗೆಣಸು ತಿನ್ನಿಸಿದ್ದರು. ಬೇಯಿಸಿದ್ದು ಯಾರು ಅಂದೆ. "ಅತ್ಯಾರ ಬೇಸ್ಯಾರ್ರಿ. ನಿಮ್ಮ ಖೋಲಿಯೊಳಗ ಬ್ಯಾರೆ ಒಲಿ ಹೂಡಿ." ತಿನ್ನಿಸಿದ ಮೇಲೆ ನಾಲ್ಕು ತಾಸು ಆಯಿ ಜಪಮಣಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕದಲದೆ ಕೂತಿದ್ದರಂತೆ. ಏನೂ ಆಗಲಿಲ್ಲ. ವಾಂತಿಯಿಲ್ಲ, ಬಿಳಚಲಿಲ್ಲ, ಕೂಸು ಆಸ್ಪತ್ರೆಯ ತುಂಬ ಓಡಾಡಿತು.

"ಹಾಗಿದ್ರೆ ಇನ್ನು ಅವಳು ತಿನ್ನಬಹುದು!" ಎಂದು ಕೂಗಿದೆ. ಆಡುಗಳು ಬೆದರಿ ಹಿಂದೆ ಸರಿದವು.

"ಎಲ್ಲೀದ್ರಿ," ಅಂದಳು ಸುಜಾತಾ, ನಗು ತಡೆಯಲಾರದೆ. "ಆಕಿನ್ನ ಕೇಳ್ರಿ." ಫೋನು ಕೈ ಬದಲಾಯಿತು. ಗಂಭೀರವಾದ ಪುಟ್ಟ ದನಿಯೊಂದು ಬಂತು.

"ದಾಕಾ, ಅದು ಚಂದ ಇಲ್ಲ. ಸಪ್ಪಗೈತಿ. ನನಗ ಭಜಿ ಬೇಕು."